ತಂತ್ರಾಂಶದ ಬಿಡುಗಡೆ ಮತ್ತು ಕನ್ನಡದ ಉಮೇದುವಾರಿಕೆ

ಮುಕ್ತ ತಂತ್ರಾಂಶ ಕ್ಷೇತ್ರದಲ್ಲಿ ಕನ್ನಡಿಗರ ಕೊಡುಗೆಯನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಅಕ್ಷರವಿನ್ಯಾಸ, ಕೀಲಿಮಣೆ ಹಾಗೂ ಅನುವಾದಗಳ ಸುತ್ತಲೇ ನಡೆಯುತ್ತವೆ. ಗುಬ್ಬಿಯಂತಹ ಮುಕ್ತ ಅಕ್ಷರವಿನ್ಯಾಸ, ಗ್ನೋಮ್ ಮತ್ತು ಫೈರ್‌ಫಾಕ್ಸ್‌ಗಳ ಕನ್ನಡ ರೂಪಗಳು ಆ ಶ್ರಮದ ಫಲಗಳೇ ಸರಿ. ಆದರೆ ಸಿದ್ಧವಾದ ಅನುವಾದವು ಯಾವ ಆವೃತ್ತಿಯೊಡನೆ, ಯಾವ ದಿನ ಬಳಕೆದಾರರ ಕೈಸೇರಬೇಕೆಂಬುದು ಅನುವಾದಕರ ಅಧೀನದಲ್ಲಿಲ್ಲ. ಅದನ್ನು ನಿರ್ಧರಿಸುವವರು ಬಿಡುಗಡೆಯ ನಿರ್ವಾಹಕರು. ಆ ಹೊಣೆಗೆ ಕನ್ನಡದ ಕಾರ್ಯಕರ್ತರು ಉಮೇದುವಾರರಾಗಬೇಕೆಂಬ ಮಾತು ಮೇಲಿನ ಚರ್ಚೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಗ್ನೋಮ್ ಯೋಜನೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರತರುತ್ತದೆ. ಬಿಡುಗಡೆಗೆ ಕೆಲವು ವಾರಗಳ ಮೊದಲು ಮೂಲ ಇಂಗ್ಲಿಷ್ ವಾಕ್ಯಗಳನ್ನು ಸ್ಥಗಿತಗೊಳಿಸಲಾಗುತ್ತದೆ. ಅನಂತರ ಅನುಮತಿಯಿಲ್ಲದೆ ಒಂದು ಪದವನ್ನೂ ಬದಲಿಸುವಂತಿಲ್ಲ. ಈ ಗಡುವು ಸಡಿಲಗೊಂಡರೆ ಆಗುವ ಹಾನಿ ಸಣ್ಣದಲ್ಲ. ಬದಲಾದ ವಾಕ್ಯಕ್ಕೆ ಅನುವಾದವಿರುವುದಿಲ್ಲವಾಗಿ ಅದು ಇಂಗ್ಲಿಷಿನಲ್ಲಿಯೇ ಉಳಿಯುತ್ತದೆ. ಬಬಲೇಶ್ವರದ ಕಡೆಯ ಜೈನಾಪುರದಂತಹ ಊರಿನ ಬಾಲಕಿಯೊಬ್ಬಳಿಗೆ ಕಡತವನ್ನು ಅಳಿಸಬೇಕೆ ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿಯೂ, ಹೌದು, ಬೇಡ ಎಂಬ ಗುಂಡಿಗಳು ಕನ್ನಡದಲ್ಲಿಯೂ ಕಂಡರೆ, ಅವಳು ಯಾವುದನ್ನು ಒತ್ತಬೇಕು?

ಈ ಸಂದರ್ಭದಲ್ಲಿ ವಿಜಯಪುರದ ಫ.ಗು. ಹಳಕಟ್ಟಿಯವರ ನಿದರ್ಶನ ಗಮನಾರ್ಹವಾದುದು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಅವರು, ಹಸ್ತಪ್ರತಿಗಳ ಸಂಗ್ರಹ ಮತ್ತು ಸಂಪಾದನೆಯಿಂದಷ್ಟೇ ತೃಪ್ತರಾಗಲಿಲ್ಲ. ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. ಮರುವರ್ಷವೇ ಶಿವಾನುಭವ ಪತ್ರಿಕೆ ಹೊರಟಿತು. ಪರರ ಅಚ್ಚುಮನೆಯ ಬಾಗಿಲಲ್ಲಿ ಕಾಯುವ ಸಂಪಾದಕನ ಸ್ಥಿತಿಯನ್ನು ಅವರು ಒಪ್ಪಿಕೊಳ್ಳಲಿಲ್ಲ. ಕನ್ನಡದ ತಂತ್ರಾಂಶ ಅನುವಾದಕರು ಇನ್ನೂ ಆ ಬಾಗಿಲಲ್ಲಿಯೇ ಇದ್ದಾರೆ.

ಹಾಗೆಂದು ಈ ಸ್ಥಾನ ಸುಖದ್ದೇನೂ ಅಲ್ಲ. ಡೆಬಿಯನ್ ಯೋಜನೆಯ 4.0 ಆವೃತ್ತಿಯನ್ನು 2006ರ ಡಿಸೆಂಬರಿನಲ್ಲಿ ಹೊರತರುವ ಉದ್ದೇಶದಿಂದ ಇಬ್ಬರು ಬಿಡುಗಡೆ ನಿರ್ವಾಹಕರಿಗೆ ಸಂಭಾವನೆ ನೀಡುವ ಪ್ರಯೋಗ ನಡೆಯಿತು. ಸಂಭಾವನೆಯಿಲ್ಲದೆ ದುಡಿಯುತ್ತಿದ್ದ ಕೆಲವರು ಅಸಮಾಧಾನಗೊಂಡು ತಮ್ಮ ಕೆಲಸವನ್ನು ತಗ್ಗಿಸಿದರು. ಆವೃತ್ತಿ ಹೊರಬಂದದ್ದು 2007ರ ಏಪ್ರಿಲ್ 8ರಂದು. ಆಜ್ಞೆ ಮಾಡುವ ಅಧಿಕಾರವಿಲ್ಲದೆ ಸ್ವಯಂಸೇವಕರನ್ನು ದಿನಾಂಕವೊಂದಕ್ಕೆ ಒಪ್ಪಿಸುವುದೇ ಇಲ್ಲಿನ ನಿಜವಾದ ಕಾರ್ಯ. ಈ ಕೌಶಲ ಭಾಷಣದಿಂದ ಬರತಕ್ಕದ್ದಲ್ಲ. ಕುಬರ್ನೆಟಿಸ್ ಯೋಜನೆಯಲ್ಲಿ ಹೊಸಬರು ಮೊದಲು ಅನುಭವಿಗಳ ‘ನೆರಳು’ಗಳಾಗಿ ಒಂದು ಆವೃತ್ತಿಯ ಕಾಲ ಕಲಿಯುವ ಪದ್ಧತಿಯಿದ್ದು, ಕನ್ನಡದ ಉಮೇದುವಾರರಿಗೆ ಅದೇ ಉಚಿತವಾದ ಪ್ರವೇಶದ್ವಾರ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಕನ್ನಡ ಅನುವಾದ ಮುಗಿದಿಲ್ಲವೆಂದು ಕನ್ನಡಿಗ ನಿರ್ವಾಹಕ ಇಡೀ ಬಿಡುಗಡೆಯನ್ನು ತಡೆಹಿಡಿಯಬಹುದೆ? ಕೂಡದು. ಅಂಥವನು ಆ ಸ್ಥಾನಕ್ಕೆ ಅಯೋಗ್ಯ. ವಾಕ್ಯಗಳ ಗಡುವನ್ನು ಎರಡು ವಾರ ಹಿಂದಕ್ಕೆ ತಂದು, ಅದನ್ನು ಮೀರಬಯಸುವ ಪ್ರಭಾವಿಗಳಿಗೂ ಇಲ್ಲವೆನ್ನುವುದು ಮಾತ್ರ ಅವನ ಅಧಿಕಾರವ್ಯಾಪ್ತಿಯಲ್ಲಿರುವ ಸಂಗತಿ. ಅಷ್ಟಾದರೆ ಕನ್ನಡಕ್ಕೆ ದೊರೆಯುವ ಕಾಲಾವಕಾಶ ತೆಲುಗಿಗೂ ಮರಾಠಿಗೂ ದೊರೆಯುತ್ತದೆ.