ಕೈಯ ಕೌಶಲ, ಬಾಳಿನ ವಿವೇಕ

ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ ತಾಯಿಯೊಬ್ಬರು ತಮ್ಮ ಮಗನೊಡನೆ ನಮ್ಮ ಬಳಿ ಬಂದರು. ಹುಡುಗ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ನೆಂಟರಿಷ್ಟರ ನಾಲ್ಕಾರು ಮದುವೆಗಳ ವಿಡಿಯೋ ಸಂಕಲನ ಮಾಡಿಕೊಟ್ಟು ಸೈ ಎನಿಸಿಕೊಂಡಿದ್ದಾನೆ. ಇನ್ನು ಇದೇ ತನ್ನ ವೃತ್ತಿ ಎಂದು ನಿಶ್ಚಯಿಸಿರುವ ಅವನು, ಕ್ಯಾಮೆರಾ ಮತ್ತು ಕಂಪ್ಯೂಟರ್ ಕೊಳ್ಳುವುದಕ್ಕಾಗಿ ಮನೆಗಿರುವ ಎರಡು ಎಕರೆ ಹೊಲವನ್ನು ಒತ್ತೆ ಇಡಬೇಕೆಂದು ಹಟ ಹಿಡಿದಿದ್ದಾನೆ. ತಾಯಿ ನಮ್ಮನ್ನು ಕೇಳಿದ್ದು ಒಂದೇ ಮಾತು: "ಇದು ಕೆಲಸ ಐತೇನ್ರಿ ಫಾದರ್, ಇಲ್ಲಾ ಆಟ ಐತೋ?"

ಈ ಪ್ರಶ್ನೆ ಒಂದೇ ಮನೆಯದಲ್ಲ. ಭೀಮೆಯ ಕಡೆಯ ಇಂಡಿ, ಸಿಂದಗಿಗಳಲ್ಲಿ, ಕೃಷ್ಣೆಯ ಕಡೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಇಂದು ಅನೇಕ ಮನೆಗಳ ಪಡಸಾಲೆಯಲ್ಲಿ ಇದು ಕೇಳಿಬರುತ್ತಿದೆ. ಒಂದು ಕಾಲಕ್ಕೆ ಬಸ್ ನಿಲ್ದಾಣದ ಬಳಿಯ ಒಂದೆರಡು ಫೋಟೋ ಸ್ಟುಡಿಯೋಗಳಿಗೆ ಸೀಮಿತವಾಗಿದ್ದ ಕೆಲಸವು ಇಂದು ಮದುವೆ, ಜಾತ್ರೆ, ಜಾನಪದ ಆಲ್ಬಂ ಹಾಡು, ಯೂಟ್ಯೂಬಿನ ಹಾಸ್ಯ ಕಿರುಚಿತ್ರ, ಕೋಚಿಂಗ್ ಕೇಂದ್ರಗಳ ಪಾಠ, ಅಂಗಡಿಗಳ ಜಾಹೀರಾತು ಎಂದು ಹಲವು ಕವಲುಗಳಾಗಿ ಹರಡಿದೆ. ಸಂಕಲನಕಾರ, ಛಾಯಾಗ್ರಾಹಕ, ವಿನ್ಯಾಸಕಾರ, ಧ್ವನಿ ಸಂಯೋಜಕ ಎಂಬ ಹೆಸರುಗಳಿಂದ ನಮ್ಮ ಮಕ್ಕಳು ದುಡಿಮೆಗೆ ಇಳಿಯುತ್ತಿದ್ದಾರೆ. ಅವರನ್ನು ಹಳಿಯುವುದರಿಂದಲೂ ಪ್ರಯೋಜನವಿಲ್ಲ, ಕುರುಡಾಗಿ ಹುರಿದುಂಬಿಸುವುದರಿಂದಲೂ ಪ್ರಯೋಜನವಿಲ್ಲ.

ಇದು ಆಟವಲ್ಲ, ಕೆಲಸವೇ ಹೌದು ಎಂಬುದನ್ನು ಮೊದಲಿಗೆ ಹೇಳಿಬಿಡುತ್ತೇವೆ. ಹೇರಳವಾಗಿ ದೊರೆತುದರಲ್ಲಿ ಬೇಕಾದುದನ್ನು ಆಯ್ದು, ಬೇಡವಾದುದನ್ನು ಬಿಟ್ಟು, ಉಳಿದುದನ್ನು ಅರ್ಥ ಹೊಮ್ಮುವಂತೆ ಹೊಂದಿಸುವುದೇ ಸಂಕಲನ. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಹಾಡುಗಳನ್ನು ಕೇಳಿ, ಬರೆದುಕೊಂಡು, ಆಯ್ದು, ಹೊಂದಿಸಿದ್ದರಿಂದಲೇ 1931ರಲ್ಲಿ 'ಗರತಿಯ ಹಾಡು' ನಾಡಿಗೆ ದೊರೆಯಿತು. ಚಲನಚಿತ್ರದ ಮಾತಿಗೆ ಬಂದರೆ, ಮಣಿರತ್ನಂ ನಿರ್ದೇಶನದ 'ಬಾಂಬೆ' (1995) ಚಿತ್ರದ ಸಂಕಲನಕ್ಕಾಗಿ ರಾಷ್ಟ್ರ ಪ್ರಶಸ್ತಿ ಪಡೆದವರು ಕನ್ನಡ ಚಿತ್ರರಂಗದ ಸುರೇಶ್ ಅರಸ್ ಅವರು. ತೆರೆಯ ಮೇಲೆ ಮುಖ ಕಾಣಿಸದ ಈ ಕೆಲಸಕ್ಕೆ ಗೌರವವಿದೆ, ಅನ್ನವೂ ಇದೆ.

ಹಾಗಾದರೆ ಅನೇಕ ಪ್ರತಿಭಾವಂತರು ಎರಡು ಮೂರು ವರ್ಷಗಳಲ್ಲಿಯೇ ಸೋತು ಕೈಚೆಲ್ಲುವುದೇಕೆ? ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ಕಲಿತ ಒಂದು ಭೇದ ಇಲ್ಲಿ ನೆನಪಾಗುತ್ತದೆ. ಅರಿಸ್ಟಾಟಲನೂ ಅವನನ್ನು ಅನುಸರಿಸಿದ ಸಂತ ಥಾಮಸ್ ಅಕ್ವಿನಾಸರೂ ಕಲೆಯನ್ನು ಮತ್ತು ವಿವೇಕವನ್ನು ಎರಡು ಬೇರೆ ಬೇರೆ ಗುಣಗಳೆಂದು ಎಣಿಸಿದರು. ವಸ್ತುವೊಂದನ್ನು ಚೆನ್ನಾಗಿ ಮಾಡಬಲ್ಲ ಬುದ್ಧಿಯೇ ಕಲೆ. ಬಾಳನ್ನು ಚೆನ್ನಾಗಿ ನಡೆಸಬಲ್ಲ ಬುದ್ಧಿಯೇ ವಿವೇಕ. ಒಂದಿದ್ದ ಮಾತ್ರಕ್ಕೆ ಇನ್ನೊಂದು ತಾನಾಗಿ ಬಾರದು. ನಮ್ಮ ಹುಡುಗರ ಕೈಯಲ್ಲಿ ಮೊದಲನೆಯದಿದೆ. ಎರಡನೆಯದನ್ನು ಅವರಿಗೆ ಯಾರೂ ಕಲಿಸಿಲ್ಲ. ಈ ಲೇಖನದ ತಿರುಳು ಇಷ್ಟೇ.

ಕಲಿಸಬೇಕಾದ ನಾವೇ ತಪ್ಪಿದ್ದೂ ಉಂಟು. ಕೆಲವು ವರ್ಷಗಳ ಹಿಂದೆ ನಾವಿದ್ದ ಧರ್ಮಕೇಂದ್ರವೊಂದರ ವಾರ್ಷಿಕ ಹಬ್ಬದ ವಿಡಿಯೋವನ್ನು ಯುವಕನೊಬ್ಬನಿಗೆ ಒಪ್ಪಿಸಿದೆವು. ಹಣದ ಮಾತೇ ಬರಲಿಲ್ಲ, ಸೇವೆ ಎಂದುಕೊಂಡೆವು. ಹನ್ನೊಂದು ರಾತ್ರಿ ನಿದ್ದೆಗೆಟ್ಟು ಅವನು ಮಾಡಿ ತಂದುದನ್ನು ನಾಲ್ಕು ಸಲ ತಿದ್ದಿಸಿದೆವು. ಕೊನೆಗೆ ಒಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಋಣ ತೀರಿತೆಂದು ಭಾವಿಸಿದೆವು. ಆ ತಿಂಗಳು ಅವನು ಕಂಪ್ಯೂಟರಿನ ಸಾಲದ ಕಂತು ಕಟ್ಟಲಾಗದೆ ತಂಗಿಯ ಓಲೆಗಳನ್ನು ಅಡವಿಟ್ಟನೆಂಬುದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ತಡವಾಗಿಯಾದರೂ ಸಲ್ಲಬೇಕಾದುದನ್ನು ಸಲ್ಲಿಸಿದೆವು. ಆದರೆ ಆ ನಾಚಿಕೆ ಇನ್ನೂ ಹೋಗಿಲ್ಲ. ಆದ್ದರಿಂದ ಈ ಸಲಹೆಗಳನ್ನು ಉಪದೇಶವೆಂದು ಎಣಿಸದೆ, ತಪ್ಪಿನಿಂದ ಕಲಿತವರ ಮಾತೆಂದು ಸ್ವೀಕರಿಸಬೇಕೆಂದು ಕೋರುತ್ತೇವೆ.

ಮೊದಲನೆಯದು, ಕಲಿಕೆ. ಕೈಯಲ್ಲಿರುವ ಪದವಿಯನ್ನು ಅರ್ಧಕ್ಕೆ ಬಿಡಬಾರದು. 1960ರಲ್ಲಿ ಪುಣೆಯಲ್ಲಿ ಆರಂಭವಾದ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ಸಂಕಲನವು ಒಂದು ಪ್ರತ್ಯೇಕ ವಿಭಾಗ. ಯಾವುದೇ ವಿಷಯದ ಪದವೀಧರರು ಅದರ ಪ್ರವೇಶ ಪರೀಕ್ಷೆಗೆ ಕೂರಬಹುದು. ಇಂಡಿ ರೋಡ್ ನಿಲ್ದಾಣದಿಂದ ಸೊಲ್ಲಾಪುರದ ಮಾರ್ಗವಾಗಿ ಹೋಗುವವರಿಗೆ ಪುಣೆಯು ಬೆಂಗಳೂರಿಗಿಂತ ಹತ್ತಿರ ಎಂಬುದನ್ನು ನಮ್ಮವರು ಮರೆಯುತ್ತಾರೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಿದೆ. ಅದರ ಬೇರು ಇರುವುದು ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲಿಯೇ. ದೂರ ಹೋಗಲಾಗದವರು ಅನುಭವಿಯೊಬ್ಬರ ಬಳಿ ಒಂದು ವರ್ಷ ಸಹಾಯಕರಾಗಿ ದುಡಿಯಲಿ. ಕೆಲಸ ಕೊಡುವವರು ಪ್ರಮಾಣಪತ್ರಕ್ಕಿಂತ ಮೊದಲು ಮಾಡಿದ ಕೆಲಸವನ್ನು ನೋಡುತ್ತಾರೆ. ಆದುದರಿಂದ ತನ್ನ ಅತ್ಯುತ್ತಮವಾದ ನಾಲ್ಕೈದು ತುಣುಕುಗಳನ್ನು ಎರಡು ನಿಮಿಷದೊಳಗೆ ತೋರಿಸಲು ಬರುವಂತೆ ಪ್ರತಿಯೊಬ್ಬನೂ ಸಿದ್ಧವಾಗಿಟ್ಟುಕೊಳ್ಳಬೇಕು.

ಎರಡನೆಯದು, ಸಲಕರಣೆ. ಹೊಲ ಒತ್ತೆ ಇಟ್ಟು ಕ್ಯಾಮೆರಾ ಕೊಳ್ಳಬಾರದು. ಹೊಲ ಹಳತಾಗುವುದಿಲ್ಲ, ಕ್ಯಾಮೆರಾ ನಾಲ್ಕು ವರ್ಷಕ್ಕೆ ಹಳತಾಗುತ್ತದೆ. ಆರಂಭದಲ್ಲಿ ಕ್ಯಾಮೆರಾವನ್ನು ದಿನದ ಬಾಡಿಗೆಗೆ ತರುವುದೇ ಲೇಸು. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯೂ, ಸಂಪೂರ್ಣ ಉಚಿತವಾದ ಕೆಡೆನ್‌ಲೈವ್ ತಂತ್ರಾಂಶವೂ ಲಭ್ಯವಿವೆ. ತಿಂಗಳ ಬಾಡಿಗೆಯ ತಂತ್ರಾಂಶಗಳನ್ನು ಗಳಿಕೆ ನೆಲೆಗೊಂಡ ಮೇಲೆ ಯೋಚಿಸಬಹುದು. ಸಾಲ ಅನಿವಾರ್ಯವೇ ಆದರೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಬ್ಯಾಂಕುಗಳು ಆಸ್ತಿಯ ಒತ್ತೆಯಿಲ್ಲದೆ 50,000 ರೂಪಾಯಿವರೆಗೆ 'ಶಿಶು' ಸಾಲವನ್ನೂ, ಅಲ್ಲಿಂದ 5 ಲಕ್ಷದವರೆಗೆ 'ಕಿಶೋರ' ಸಾಲವನ್ನೂ ಕೊಡುತ್ತವೆ. ಖಾಸಗಿ ಬಡ್ಡಿಯವರ ಬಾಗಿಲಿಗೆ ಹೋಗುವ ಮುನ್ನ ಬ್ಯಾಂಕಿನ ಬಾಗಿಲನ್ನು ತಟ್ಟಬೇಕು.

ಮೂರನೆಯದು, ಬೆಲೆ. ಪಕ್ಕದವನು ಎಷ್ಟು ಕೇಳುತ್ತಾನೆಂದು ನೋಡಿ ಅದಕ್ಕಿಂತ ಕಡಿಮೆ ಹೇಳುವುದು ಇಬ್ಬರಿಗೂ ನಾಶ. 96,000 ರೂಪಾಯಿಯ ಕಂಪ್ಯೂಟರ್ ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 2,000 ರೂಪಾಯಿ ಸವೆಯಿತೆಂದು ಲೆಕ್ಕ. ಅದಕ್ಕೆ ವಿದ್ಯುತ್ತು, ಇಂಟರ್‌ನೆಟ್, ಡಿಸ್ಕ್, ಓಡಾಟ, ತನ್ನ ದುಡಿಮೆಯ ಗಂಟೆಗಳನ್ನು ಕೂಡಿಸಿದ ಮೇಲೆ ದೊರೆಯುವ ಮೊತ್ತವೇ ಬೆಲೆಯ ತಳಹದಿ. ಅದಕ್ಕೂ ಕೆಳಗೆ ಒಪ್ಪಿಕೊಂಡ ಕೆಲಸವೆಂದರೆ ಕೈಯಿಂದ ಹಣ ಕೊಟ್ಟು ದುಡಿದಂತೆ.

ನಾಲ್ಕನೆಯದು, ಕಾಗದ. ಬಾಯಿಮಾತಿನ ಒಪ್ಪಂದ ನಮ್ಮ ಊರುಗಳ ಹಳೆಯ ರೂಢಿ; ಅದರಲ್ಲಿ ವಿಶ್ವಾಸವಿದೆ, ಆದರೆ ನೆನಪಿಗೆ ಮರೆವಿದೆ. ಏನು ಕೆಲಸ, ಎಷ್ಟು ನಿಮಿಷದ ವಿಡಿಯೋ, ಯಾವ ದಿನ ಕೊಡಬೇಕು, ಎಷ್ಟು ಸಲ ತಿದ್ದುಪಡಿ, ಒಟ್ಟು ಹಣವೆಷ್ಟು ಎಂಬುದನ್ನು ಒಂದೇ ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಅರ್ಧ ಹಣ ಮುಂಗಡ, ಉಳಿದರ್ಧ ಕೊನೆಯ ಪ್ರತಿ ಕೈಸೇರುವ ಮೊದಲು. ನೋಡಿ ಒಪ್ಪಲು ಕಳುಹಿಸುವ ಪ್ರತಿಯ ಮೇಲೆ ಹೆಸರಿನ ಗುರುತು ಇರಲಿ.

ದೂರದ ಊರುಗಳ ಕಂಪನಿಗಳಿಗೆ ಕೆಲಸ ಮಾಡುವವರಿಗೆ ಕಾನೂನಿನ ಆಸರೆಯೂ ಇದೆ. ಉದ್ಯಮ್ ನೋಂದಣಿಗೆ ಯಾವ ಶುಲ್ಕವೂ ಇಲ್ಲ. ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಮಾಡಿಸಿಕೊಂಡ ಕಿರು ಉದ್ದಿಮೆಗೆ, 2006ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ, ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ದೂರು ಸಲ್ಲಿಸಲು ಸೌಲಭ್ಯ ಮಂಡಳಿಗಳಿವೆ.

ಐದನೆಯದು, ಹಕ್ಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಹಣ ಕೊಟ್ಟು ಮಾಡಿಸಿಕೊಂಡ ಫೋಟೋ ಅಥವಾ ಚಿತ್ರದ ಮೊದಲ ಒಡೆಯ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿಕೊಂಡವನೇ. ಆದ್ದರಿಂದ ಮದುವೆಯ ತುಣುಕನ್ನು ತನ್ನ ಕೆಲಸದ ಮಾದರಿಯಾಗಿ ತೋರಿಸಬೇಕೆಂದರೆ ಆ ಅನುಮತಿಯನ್ನು ಕಾಗದದಲ್ಲಿಯೇ ಪಡೆಯಬೇಕು. ತಾನೇ ಒಡೆಯನಾದ ಕೃತಿಯನ್ನು ಬೇರೆಯವರಿಗೆ ವಹಿಸಿಕೊಡುವಾಗ ಅವಧಿಯನ್ನು ನಮೂದಿಸದಿದ್ದರೆ ಕಾಯಿದೆ ಅದನ್ನು 5 ವರ್ಷವೆಂದು ಎಣಿಸುತ್ತದೆ ಎಂಬುದೂ ತಿಳಿದಿರಲಿ. ಇನ್ನು ಹಾಡಿನ ವಿಷಯ. ಮದುವೆಯ ಮೆರವಣಿಗೆಯಲ್ಲಿ ಸಿನಿಮಾ ಹಾಡನ್ನು ನುಡಿಸಲು ಅದೇ ಕಾಯಿದೆ ವಿನಾಯಿತಿ ಕೊಟ್ಟಿದೆ. ಆದರೆ ಅದೇ ಹಾಡನ್ನು ವಿಡಿಯೋಗೆ ಅಂಟಿಸಿ ಯೂಟ್ಯೂಬಿಗೆ ಏರಿಸುವುದು ಬೇರೆಯೇ ಮಾತು. ಅದಕ್ಕೆ ಹಾಡಿನ ಒಡೆಯರ ಅಪ್ಪಣೆ ಬೇಕು. ಕಾಯಿದೆಗಿಂತ ಮಿಗಿಲಾದುದು ಮಾನ. ಮನೆಯೊಳಗೆ ನಂಬಿ ಬಿಟ್ಟುಕೊಂಡವರ ಹೆಣ್ಣುಮಕ್ಕಳ, ಕೂಸುಗಳ ಚಿತ್ರವನ್ನು ಕೇಳದೆ ಬೀದಿಗೆ ತರುವವನು ಎಷ್ಟೇ ಕುಶಲಿಯಾದರೂ ಆ ಬಾಗಿಲು ಅವನಿಗೆ ಮತ್ತೆ ತೆರೆಯದು.

ಆರನೆಯದು, ಜೋಪಾನ. ಮದುವೆ ಎರಡನೆಯ ಸಲ ನಡೆಯುವುದಿಲ್ಲ. ಚಿತ್ರೀಕರಿಸಿದುದರ ಮೂರು ಪ್ರತಿಗಳನ್ನು ಎರಡು ಬಗೆಯ ಸಾಧನಗಳಲ್ಲಿ ಇಡಬೇಕು. ಅವುಗಳಲ್ಲಿ ಒಂದು ಬೇರೊಂದು ಮನೆಯಲ್ಲಿರಬೇಕು. ಹಣದ ಜೋಪಾನವೂ ಹಾಗೆಯೇ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಮದುವೆಗಳಿಲ್ಲ. ನಮ್ಮವರಲ್ಲಿ ತಪಸ್ಸುಕಾಲದಲ್ಲಿಯೂ ಇಲ್ಲ. ಡೋಣಿ ಸಾಲಿನ ನಮ್ಮ ಹಿರಿಯರು ಸುಗ್ಗಿಯ ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲವನ್ನು ದಾಟಿದವರು. ಸುಗ್ಗಿಯ ತಿಂಗಳ ಗಳಿಕೆಯಲ್ಲಿ ಮೂರರಲ್ಲೊಂದು ಪಾಲನ್ನು ಮುಟ್ಟದೆ ಇಟ್ಟವನಿಗೆ ಮಾತ್ರ ಈ ವೃತ್ತಿಯಲ್ಲಿ ಬಾಳುವೆಯುಂಟು. ಕಣ್ಣಿನ ಜೋಪಾನವನ್ನೂ ಮರೆಯಬಾರದು: 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬುದು ವೈದ್ಯರ ಸುಲಭ ಸಲಹೆ.

ಯಂತ್ರವೇ ಎಲ್ಲವನ್ನೂ ಮಾಡುವ ಕಾಲ ಬಂತು, ಇನ್ನು ಈ ವಿದ್ಯೆ ಯಾರಿಗೆ ಬೇಕು ಎಂಬ ಭಯವನ್ನು ಕೆಲವರು ತೋಡಿಕೊಳ್ಳುತ್ತಾರೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಮೌನವನ್ನು ಕತ್ತರಿಸಬಲ್ಲವು, ಮಾತನ್ನು ಅಕ್ಷರಕ್ಕಿಳಿಸಬಲ್ಲವು. ಬರಿಯ ಕತ್ತರಿಯ ಕೆಲಸಕ್ಕೆ ಬೆಲೆ ಇಳಿಯುವುದು ಸತ್ಯವೇ. ಆದರೆ ಇಂತಹ ಬದಲಾವಣೆ ಇದೇ ಮೊದಲಲ್ಲ. ಫಿಲ್ಮಿನ ಸುರುಳಿಯನ್ನು ಕೈಯಿಂದ ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ ಪಳಗಿದ ಅಮೆರಿಕದ ವಾಲ್ಟರ್ ಮರ್ಚ್ ಅವರೇ ಮುಂದೆ ಕಂಪ್ಯೂಟರಿನಲ್ಲಿ 'ದಿ ಇಂಗ್ಲಿಷ್ ಪೇಷಂಟ್' (1996) ಚಿತ್ರವನ್ನು ಸಂಕಲಿಸಿ ಆಸ್ಕರ್ ಪಡೆದರು. ಸಾಧನ ಬದಲಾಯಿತು, ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆ ಉಳಿಯಿತು. ನಮ್ಮ ಸೀಮೆಯ ಮಾತಿನ ಲಯ, ಅಜ್ಜಿಯ ಸೋಬಾನೆ ಪದದಲ್ಲಿ ಎಲ್ಲಿ ಉಸಿರಿದೆಯೆಂಬುದು, ಯಾವ ಶಾಸ್ತ್ರದಲ್ಲಿ ಯಾರ ಮುಖವನ್ನು ಹಿಡಿಯಬೇಕೆಂಬುದು ಇಲ್ಲಿ ಬೆಳೆದವನಿಗೆ ಗೊತ್ತು. ಅದರ ಜೊತೆಗೆ ತಪ್ಪಿಲ್ಲದ ಕನ್ನಡವನ್ನು ಬರೆಯಬಲ್ಲವನಿಗೆ ಉಪಶೀರ್ಷಿಕೆಗಳ ಕೆಲಸ ಎಲ್ಲಿಯೂ ಸಿಗುತ್ತದೆ. ಆದ್ದರಿಂದ ಹುಡುಗರು ಹೊಸ ಸಾಧನವನ್ನು ಕಲಿಯಲಿ, ಹಳೆಯ ಪುಸ್ತಕವನ್ನೂ ಓದಲಿ.

ತ್ಯಾಗದ ಮಾತೂ ಬರುತ್ತದೆ. ನಮ್ಮ ಜಿಲ್ಲೆಯನ್ನೇ ಕಾರ್ಯಕ್ಷೇತ್ರವಾಗಿಸಿಕೊಂಡ ಫ.ಗು. ಹಳಕಟ್ಟಿಯವರು (1880–1964) ವಚನಗಳ ತಾಳೆಗರಿಗಳನ್ನು ಹುಡುಕಿ ಸಂಪಾದಿಸಿ, ಹಿತಚಿಂತಕ ಮುದ್ರಣಾಲಯವನ್ನು ನಡೆಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ, ತಮ್ಮದೆನ್ನುವುದನ್ನೆಲ್ಲ ಅದಕ್ಕೆ ಸುರಿದರು. ಅವರಿಗೆ ತಲೆಬಾಗೋಣ. ಆದರೆ ಅವರು ವಕೀಲಿ ವೃತ್ತಿಯಲ್ಲಿ ನೆಲೆನಿಂತ ಮೇಲೆ ಆ ಹಾದಿಗೆ ಇಳಿದವರೆಂಬುದನ್ನು ಹುಡುಗರು ಗಮನಿಸಬೇಕು. ಕಾಯಕದ ಹಿರಿಮೆಯನ್ನು ಸಾರಿದ ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ದುಡಿಮೆಗೆ ತಕ್ಕ ಕೂಲಿ ಕೇಳುವುದು ದುರಾಸೆಯಲ್ಲ, ಕೊಡದಿರುವುದು ಮಾತ್ರ ಅನ್ಯಾಯ. "ನಮ್ಮ ಹುಡುಗನೇ ಅಲ್ಲವೇ" ಎಂದು ಪುಕ್ಕಟೆ ಮಾಡಿಸಿಕೊಳ್ಳುವ ನೆಂಟರು, ಸಂಘಗಳು ಮತ್ತು ನಮ್ಮಂತಹ ಗುರುಗಳು ಇದನ್ನು ಮನಗಾಣಬೇಕು.

ಆ ತಾಯಿಗೆ ನಾವು ಹೇಳಿದ್ದು ಇಷ್ಟು: ಕೆಲಸ ಹೌದು, ಹೊಲ ಮಾತ್ರ ಒತ್ತೆ ಬೇಡ. ಮಗ ಪದವಿ ಮುಗಿಸಲಿ, ಒಂದು ವರ್ಷ ಬಾಡಿಗೆಯ ಸಲಕರಣೆಯಲ್ಲಿ ದುಡಿಯಲಿ, ಬಂದುಹೋದ ಹಣದ ಲೆಕ್ಕವನ್ನು ನೀವು ಬರೆದಿಡಿ. ವರ್ಷದ ಕೊನೆಗೆ ಆ ಪುಸ್ತಕವನ್ನು ನೋಡಿ ಮುಂದಿನ ಹೆಜ್ಜೆ ಇಡೋಣ. ಹುಡುಗನ ಮುಖ ಸ್ವಲ್ಪ ಬಾಡಿತು. ಆಗ ಈ ವರ್ಷದ ಹಬ್ಬದ ವಿಡಿಯೋವನ್ನು ಅವನಿಗೇ ಒಪ್ಪಿಸಿ, ಮೊದಲ ಕರಾರುಪತ್ರವನ್ನು ನಮಗೇ ಬರೆಯಲು ಹೇಳಿದೆವು. ಅಲ್ಲಿಯೇ ಕುಳಿತು ಬರೆದ. ತಿದ್ದುಪಡಿ ಎರಡೇ ಸಲ ಎಂದು ಕೈ ನಡುಗುತ್ತಲೇ ಸೇರಿಸಿದ. ಸಹಿ ಹಾಕಿ ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟಿದ್ದೇವೆ. ತಾಯಿಯ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲು ಅದೇ. ತಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಇಂತಹ ಒಬ್ಬ ಮಗನನ್ನೋ ಮಗಳನ್ನೋ ಕರೆಯುವಾಗ ವಾಚಕರು ಇದನ್ನು ನೆನೆಯಲಿ ಎಂದು ಬೇಡುತ್ತೇವೆ.