ತಿರುಗಿ ಬರುವ ಬಾಟಲಿ

ಗುಂಡ್ಲುಪೇಟೆ ಸೇರುವ ಮೈಸೂರಿನ ಹೆದ್ದಾರಿ ಅಲ್ಲಿಂದ ಮುಂದೆ ಎರಡಾಗಿ ಕವಲೊಡೆಯುತ್ತದೆ. ಒಂದು ಬಂಡೀಪುರದ ಕಾಡು ಹಾದು, ಕೆಕ್ಕನಹಳ್ಳದ ಗಡಿ ದಾಟಿ ಊಟಿಗೆ. ಇನ್ನೊಂದು ಮದ್ದೂರು, ಮೂಲೆಹೊಳೆಯ ಮೂಲಕ ಸುಲ್ತಾನ್ ಬತ್ತೇರಿಗೆ. ಈದ್‌ನ ಮರುದಿನವೋ ಬೇಸಿಗೆ ರಜೆಯಲ್ಲೋ ಈ ದಾರಿಯಲ್ಲಿ ಹೊರಡುವ ಕುಟುಂಬಗಳು ಬಹಳ. ಬಿರಿಯಾನಿಯ ಡಬ್ಬ, ಮಕ್ಕಳಿಗೆ ಚಿಪ್ಸು, ಸೀಟಿನ ಕೆಳಗೆ ಒಂದು ಕಟ್ಟು ಪ್ಲಾಸ್ಟಿಕ್ ನೀರಿನ ಬಾಟಲಿ.

ಗಡಿಯಾಚೆಯ ಎರಡೂ ರಾಜ್ಯಗಳಲ್ಲಿ ಆ ಬಾಟಲಿಗೆ 'ಬೇಡ' ಎಂಬ ಉತ್ತರ ಸಿಕ್ಕಿದೆ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಎರಡು ದಶಕಗಳ ಹಿಂದೆಯೇ ತಡೆ ಬಂದಿತ್ತು. 2019ರಲ್ಲಿ ಸಣ್ಣ ನೀರಿನ ಬಾಟಲಿಗಳೂ ನಿಷೇಧದ ಪಟ್ಟಿಗೆ ಸೇರಿದವು. ಕೇರಳ ಹೈಕೋರ್ಟ್ 2025ರ ಜೂನ್ ತಿಂಗಳಲ್ಲಿ ಅಲ್ಲಿನ ಬೆಟ್ಟದ ಪ್ರವಾಸಿ ತಾಣಗಳಿಗೆ ಒಂದು ಆದೇಶ ಕೊಟ್ಟಿತು. 5 ಲೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ನೀರಿನ ಬಾಟಲಿ, 2 ಲೀಟರಿಗಿಂತ ಚಿಕ್ಕದಾದ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ ಅಕ್ಟೋಬರ್ 2ರಿಂದ ಅಲ್ಲಿ ಇರಕೂಡದು ಎಂದು. ವಯನಾಡಿನ ತಾಣಗಳೂ ಅದರಲ್ಲಿ ಸೇರಿವೆ. ನಮ್ಮ ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧವಾಗಲಿ, ಕೇಂದ್ರ ಸರಕಾರದ 2022ರ ಜುಲೈ 1ರ ನಿಷೇಧವಾಗಲಿ ನೀರಿನ ಬಾಟಲಿಯನ್ನು ಮುಟ್ಟಿಲ್ಲ. ಹಾಗಾಗಿ ಈ ಬದಿಯಲ್ಲಿ ಧಾರಾಳವಾಗಿ ಕೊಂಡದ್ದನ್ನು ಆ ಬದಿಯಲ್ಲಿ ಇಳಿಸಬೇಕಾಗುತ್ತದೆ. ನಡುವೆ ಇರುವುದು ಆನೆ, ಹುಲಿಗಳ ಕಾಡು.

ಪ್ಲಾಸ್ಟಿಕ್ ಬೇಡವಾದರೆ ಮತ್ತೇನು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಗಾಜು. ಅದು ಪೂರ್ತಿ ಸರಿಯಾದ ಉತ್ತರವೇ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ಗಾಜು ಆಹಾರಕ್ಕೆ ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಇದಕ್ಕೆ ಪ್ರಯೋಗಶಾಲೆಯ ಸಾಕ್ಷಿ ಬೇಕಿಲ್ಲ, ಚಾಮರಾಜನಗರ ಜಿಲ್ಲೆಯ ಹೊಲದಲ್ಲಿ ಬೆಳೆಯುವ ಅರಿಶಿನವೇ ಸಾಕು. ಅರಿಶಿನ ಹಾಕಿದ ಸಾರನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಬೆಳಗ್ಗೆ ಡಬ್ಬದ ಬಿಳಿ ಹೋಗಿ ಹಳದಿ ಬಂದಿರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಣ್ಣ ಮೇಲೆ ಅಂಟಿಕೊಂಡದ್ದಲ್ಲ, ಪ್ಲಾಸ್ಟಿಕ್ಕಿನ ಒಳಕ್ಕೇ ಇಳಿದದ್ದು. ಎಣ್ಣೆ, ಖಾರ, ಹುಳಿ ಇವೆಲ್ಲ ಹಾಗೆಯೇ ಇಳಿಯುತ್ತವೆ. ಒಳಗಿಳಿಯಲು ದಾರಿ ಇದ್ದಲ್ಲಿ ಹೊರಬರಲೂ ದಾರಿ ಇರುತ್ತದೆ. ಬಿಸಿ ಮತ್ತು ಎಣ್ಣೆ ಸೇರಿದಾಗ ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ ರಾಸಾಯನಿಕಗಳು ಆಹಾರಕ್ಕೆ ಬರುವ ಸಾಧ್ಯತೆ ಹೆಚ್ಚುವುದು ಇದೇ ಕಾರಣಕ್ಕೆ. ಅದೇ ಸಾರು ಗಾಜಿನ ಬಟ್ಟಲಲ್ಲಿದ್ದರೆ ಒಮ್ಮೆ ತೊಳೆದರೆ ಮುಗಿಯಿತು.

ಅತ್ತರಿನ ವ್ಯಾಪಾರಿಗಳು ಇದನ್ನು ಎಂದೋ ಬಲ್ಲವರು. ಅಷ್ಟು ಚಿಕ್ಕ ಸೀಸೆಯೂ ಗಾಜಿನದೇ ಏಕೆ? ಸುಗಂಧದ ಎಣ್ಣೆ ಪ್ಲಾಸ್ಟಿಕ್ಕಿನೊಳಗೆ ಇಳಿದು, ವಾಸನೆ ನಿಧಾನವಾಗಿ ಹೊರಗೆ ಸೋರಿ ಹೋಗುತ್ತದೆ. ಗಾಜು ತಾನೂ ಏನನ್ನೂ ಕೊಡುವುದಿಲ್ಲ, ಒಳಗಿನದನ್ನೂ ಬಿಡುವುದಿಲ್ಲ. ಮರಳು, ಸೋಡಾ ಬೂದಿ, ಸುಣ್ಣಕಲ್ಲು ಈ ಮೂರನ್ನು ಕರಗಿಸಿದರೆ ಸಾಮಾನ್ಯ ಬಾಟಲಿಯ ಗಾಜು. ಉಪ್ಪಿನಕಾಯಿಯ ಉಪ್ಪಿಗಾಗಲಿ ನಿಂಬೆಯ ಹುಳಿಗಾಗಲಿ ಅದು ಜಗ್ಗುವುದಿಲ್ಲ.

ಗಾಜಿಗೆ ಒಂದು ದೋಷ ಇದೆ, ಅದು ಬೆಳಕನ್ನು ತಡೆಯುವುದಿಲ್ಲ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಎಣ್ಣೆ ಕಮಟುತ್ತದೆ. ಅಡುಗೆಮನೆಯ ಕಿಟಕಿಯ ಪಕ್ಕ ಸಾಲಾಗಿ ಜೋಡಿಸಿಟ್ಟ ಬಣ್ಣ ಬಣ್ಣದ ಗಾಜಿನ ಡಬ್ಬಿಗಳು ಫೋಟೋದಲ್ಲಿ ಚೆಂದ, ಮಸಾಲೆಗೆ ಒಳ್ಳೆಯದಲ್ಲ. ಬೀರುವಿನೊಳಗೆ ಇಡಿ.

ಇನ್ನು ಮುಚ್ಚಳದ ವಿಷಯ. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 'ಆ್ಯನ್ಸೆಸ್' 2025ರಲ್ಲಿ ಪ್ರಕಟಿಸಿದ ಪರೀಕ್ಷೆಯ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ಗಾಜಿನ ಬಾಟಲಿಯಲ್ಲಿ ಮಾರುವ ಕೋಲಾ, ನಿಂಬೆ ಪಾನೀಯಗಳಲ್ಲಿ ಲೀಟರಿಗೆ ಸುಮಾರು 100 ಪ್ಲಾಸ್ಟಿಕ್ ಕಣಗಳು ಕಂಡವು, ಪ್ಲಾಸ್ಟಿಕ್ ಬಾಟಲಿಯವಕ್ಕಿಂತಲೂ ಹೆಚ್ಚು! ಆದರೆ ತಪ್ಪು ಗಾಜಿನದಲ್ಲ. ಲೋಹದ ಮುಚ್ಚಳದ ಹೊರಗೆ ಬಳಿದ ಬಣ್ಣವೇ, ಮುಚ್ಚಳಗಳು ಒಂದಕ್ಕೊಂದು ಉಜ್ಜಿದಾಗ ಉದುರಿ ಬಾಟಲಿಗೆ ಬಿದ್ದಿತ್ತು. ಬಾಟಲಿಗೆ ಹಾಕುವ ಮೊದಲು ಮುಚ್ಚಳವನ್ನು ಗಾಳಿಯಿಂದ ಊದಿ ತೊಳೆದಾಗ ಕಣಗಳು ಬಹಳಷ್ಟು ಕಡಿಮೆಯಾದವು. ಮನೆಯಲ್ಲಿಯೂ ಬಾಟಲಿ ತೊಳೆದಷ್ಟೇ ಶ್ರದ್ಧೆಯಿಂದ ಮುಚ್ಚಳವನ್ನೂ ತೊಳೆಯಬೇಕು. ಬಣ್ಣ ಕಿತ್ತದ್ದನ್ನು, ತುಕ್ಕು ಹಿಡಿದದ್ದನ್ನು ಬಿಸಾಡಬೇಕು.

ಇಷ್ಟು ಆಹಾರದ ಲೆಕ್ಕ. ಭೂಮಿಯ ಲೆಕ್ಕ ಬೇರೆಯೇ ಇದೆ, ಅಲ್ಲಿ ಗಾಜು ಅಷ್ಟು ಸುಲಭವಾಗಿ ಗೆಲ್ಲುವುದಿಲ್ಲ.

ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತೂಕ ಇಪ್ಪತ್ತು ಮೂವತ್ತು ಗ್ರಾಂ. ಅದೇ ಅಳತೆಯ ಗಾಜಿನ ಬಾಟಲಿ 400 ಗ್ರಾಂಗೂ ಮೇಲೆ. ಒಂದು ಸಾವಿರ ಲೀಟರ್ ನೀರನ್ನು ಲಾರಿಯಲ್ಲಿ ಬೆಟ್ಟ ಹತ್ತಿಸುವಾಗ ಪ್ಲಾಸ್ಟಿಕ್ಕಾದರೆ 30 ಕಿಲೋ ಹೆಚ್ಚುವರಿ ಹೊರೆ, ಗಾಜಾದರೆ 400 ಕಿಲೋ. ಅಷ್ಟು ಡೀಸೆಲ್ ಹೆಚ್ಚು ಉರಿಯಬೇಕು. ಅದಕ್ಕೂ ಮೊದಲು ಗಾಜು ಕರಗಿಸುವ ಕುಲುಮೆ ಸುಮಾರು 1,500 ಡಿಗ್ರಿ ಶಾಖದಲ್ಲಿ ಹಗಲು ರಾತ್ರಿ ಉರಿಯುತ್ತಿರಬೇಕು, ಅದನ್ನು ರಾತ್ರಿ ಆರಿಸಿ ಬೆಳಗ್ಗೆ ಹೊತ್ತಿಸುವಂತಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ಗಾಜಿನ ಬಾಟಲಿಯಿಂದ ಪರಿಸರಕ್ಕೆ ಆಗುವ ಹೊರೆ ಪ್ಲಾಸ್ಟಿಕ್ ಬಾಟಲಿಯದಕ್ಕಿಂತ ಹೆಚ್ಚು.

ಹಾಗಾದರೆ ಗಾಜನ್ನು ಹೊಗಳುವುದೇಕೆ? ಏಕೆಂದರೆ ಗಾಜು ಒಮ್ಮೆ ಬಳಸಿ ಎಸೆಯಲು ಮಾಡಿದ ವಸ್ತುವೇ ಅಲ್ಲ. ಕುಲುಮೆಯ ಆ ಬೆಂಕಿಯ ಖರ್ಚನ್ನು ಇಪ್ಪತ್ತೈದು ಬಾರಿಗೆ ಹಂಚಿದರೆ ಲೆಕ್ಕವೇ ತಲೆಕೆಳಗಾಗುತ್ತದೆ.

ನಮ್ಮ ಬಾಲ್ಯದ ತಂಪು ಪಾನೀಯದ ಬಾಟಲಿ ನೆನಪಿದೆಯೇ? ಅಂಗಡಿಯ ಮುಂದೆ ನಿಂತು ಕುಡಿದು ಬಾಟಲಿಯನ್ನು ಅಲ್ಲೇ ಮರದ ಪೆಟ್ಟಿಗೆಯಲ್ಲಿ ಇಡಬೇಕಿತ್ತು. ಮನೆಗೆ ಒಯ್ಯಬೇಕಾದರೆ ಡಿಪಾಜಿಟ್ಟು. ನೆಂಟರು ಬಂದಾಗ ಆರು ಬಾಟಲಿ ತರಲು ಹೋದ ಹುಡುಗ ಆರು ಖಾಲಿ ಬಾಟಲಿ ಹಿಡಿದೇ ಹೋಗುತ್ತಿದ್ದ. ಆ ಬಾಟಲಿಗಳ ಹೊಟ್ಟೆಯ ಸುತ್ತ ಬಿಳಿಯ ತರಚಿದ ಪಟ್ಟಿ ಇರುತ್ತಿತ್ತು. ಅದು ಕೊಳೆಯಲ್ಲ. ಕಾರ್ಖಾನೆಯಲ್ಲಿ ತೊಳೆದು, ತುಂಬಿ ಸಾಗುವಾಗ ಬಾಟಲಿಗೆ ಬಾಟಲಿ ಉಜ್ಜಿ ಆದ ಗುರುತು. ಎಷ್ಟು ಬಾರಿ ಹೋಗಿ ಬಂದಿದೆ ಎಂಬುದಕ್ಕೆ ಬಾಟಲಿಯ ಮೈಮೇಲಿನ ಲೆಕ್ಕ ಅದು. ಗೋಲಿ ಸೋಡಾ ಇನ್ನೂ ಜಾಣ. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ಈ ಬಾಟಲಿಗೆ ಮುಚ್ಚಳವೇ ಇಲ್ಲ. ಒಳಗಿನ ಗ್ಯಾಸೇ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಕುಡಿದಾದ ಮೇಲೆ ಎಸೆಯಲು ಏನೂ ಉಳಿಯುವುದಿಲ್ಲ. ನಾವು ಮರೆತ ಈ ಗೋಲಿ ಸೋಡಾವನ್ನು ಕೇಂದ್ರದ ರಫ್ತು ಸಂಸ್ಥೆ ಅಪೆಡಾ 2025ರಲ್ಲಿ ಹೊಸ ಹೆಸರಿಟ್ಟು ಅಮೆರಿಕ, ಯುರೋಪು, ಕೊಲ್ಲಿ ದೇಶಗಳ ಅಂಗಡಿಗಳಿಗೆ ಕಳುಹಿಸಲು ಹೊರಟಿತು. ನಗು ಬರುತ್ತದೆ. ಅಷ್ಟು ದೂರ ಹೋದ ಬಾಟಲಿ ತುಂಬಿಸಿಕೊಳ್ಳಲು ತಿರುಗಿ ಬರುವುದುಂಟೇ?

ತಿರುಗಿ ಬಾರದ ಗಾಜು ಏನಾಗುತ್ತದೆ ಎಂಬುದಕ್ಕೆ ನಮ್ಮ ಗಡಿಯಾಚೆಯ ಕಾಡೇ ಉದಾಹರಣೆ. ನೀಲಗಿರಿಯ ಕಾಡುದಾರಿಗಳಲ್ಲಿ ಪ್ರವಾಸಿಗರು ಕುಡಿದು ಎಸೆದ ಮದ್ಯದ ಬಾಟಲಿಗಳು ಒಡೆದು, ಚೂರುಗಳು ಆನೆ ಮತ್ತಿತರ ಪ್ರಾಣಿಗಳ ಕಾಲಿಗೆ ಹೊಕ್ಕು ಗಾಯಗೊಳಿಸುತ್ತಿದ್ದವು. ಅಷ್ಟು ದೊಡ್ಡ ಪ್ರಾಣಿ, ಅದರ ಪಾದ ಮಾತ್ರ ಮೆತ್ತೆಯಂತೆ. ಒಳಗೆ ಹೊಕ್ಕ ಗಾಜನ್ನು ಕಿತ್ತುಕೊಳ್ಳಲು ಅದಕ್ಕೆ ಬರುವುದಿಲ್ಲ, ಗಾಯ ಕೀವಾಗಿ ನಡೆಯಲಾರದೆ ನಿಂತರೆ ಮೇವೂ ಇಲ್ಲ, ನೀರೂ ಇಲ್ಲ. ವಿಷಯ ಮದರಾಸು ಹೈಕೋರ್ಟಿನ ಮುಂದೆ ಬಂತು. 2022ರ ಮೇ 15ರಿಂದ ನೀಲಗಿರಿಯ ಸರಕಾರಿ ಮದ್ಯದಂಗಡಿಗಳಲ್ಲಿ ಪ್ರತಿ ಬಾಟಲಿಗೆ 10 ರೂ. ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದುಕೊಟ್ಟಾಗ ಆ ಹಣ ಮರಳಿಸುವ ಪದ್ಧತಿ ಶುರುವಾಯಿತು. ಹೆಚ್ಚಿನ ಬಾಟಲಿಗಳು ಮರಳಿ ಬಂದವು. ಬೇರೆ ಜಿಲ್ಲೆಗಳಿಗೂ ಇದು ಹಬ್ಬಿತು.

ಆ ಬಾಟಲಿಯೊಳಗಿದ್ದದ್ದು ನಮಗೆ ಬೇಡದ ವಸ್ತು. ಆದರೆ ಬಾಟಲಿಯ ಕಥೆ ನಮಗೆ ಬೇಕು. ಕಾನೂನಿನ ಭಯ, ಫಲಕ, ಭಾಷಣ ಇವು ಮಾಡಲಾಗದ್ದನ್ನು ಹತ್ತು ರೂಪಾಯಿ ಮಾಡಿತು. ಕುಡಿದವನು ಎಸೆದರೂ ಇನ್ನೊಬ್ಬ ಹೆಕ್ಕಿ ತಂದು ಹಣ ಪಡೆಯುತ್ತಾನೆ. ಜ್ಯೂಸು, ಸೋಡಾ, ಜಾಮು, ಉಪ್ಪಿನಕಾಯಿಯ ಗಾಜಿನ ಬಾಟಲಿಗಳಿಗೂ ಇಂಥದ್ದೊಂದು ಪದ್ಧತಿ ಬಂದರೆ ಮಾತ್ರ 'ಗಾಜು ಪರಿಸರಸ್ನೇಹಿ' ಎಂಬ ಲೇಬಲಿಗೆ ಅರ್ಥ. ಅದಿಲ್ಲದೆ ಪ್ಲಾಸ್ಟಿಕ್ ನಿಷೇಧಿಸಿ ಗಾಜಿನಲ್ಲಿ ನೀರು ಮಾರಿದರೆ ಬಂಡೀಪುರದ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ಕಿನ ಜಾಗಕ್ಕೆ ಚೂರುಗಳು ಬಂದಾವು.

ಗುಜರಿ ಇದೆಯಲ್ಲ ಎನ್ನಬಹುದು. ಹಿಂದೆ 'ಹಳೇ ಪೇಪರ್, ಹಳೇ ಬಾಟ್ಲಿ' ಎಂದೇ ಕೂಗುತ್ತಿದ್ದರು. ಬಾಟಲಿಗೆ ಇಂತಿಷ್ಟು ಎಂದು ಎಣಿಸಿ ಕೊಡುತ್ತಿದ್ದರು. ಈಗ ಕೇಳಿ ನೋಡಿ. ಕಬ್ಬಿಣಕ್ಕೆ, ರಟ್ಟಿಗೆ, ಪ್ಲಾಸ್ಟಿಕ್ಕಿಗೆ ಥಟ್ಟನೆ ಬೆಲೆ ಹೇಳುವವರು ಗಾಜಿಗೆ ಮುಖ ಸಿಂಡರಿಸುತ್ತಾರೆ. ಅವರನ್ನು ದೂರುವಂತಿಲ್ಲ. ತೂಕ ಹೆಚ್ಚು, ಬೆಲೆ ಕಡಿಮೆ, ಕೈ ಕೊಯ್ಯುತ್ತದೆ, ಕುಲುಮೆ ಇರುವ ಊರಿಗೆ ಸಾಗಿಸುವ ಬಾಡಿಗೆಯಲ್ಲಿಯೇ ಲಾಭ ಹೋಗುತ್ತದೆ. ಕಾರ್ಖಾನೆಗೆ ಮಾತ್ರ ಹಳೆ ಗಾಜು ಬೇಕೇ ಬೇಕು. ಹೊಸ ಸಾಮಗ್ರಿಯ ಜೊತೆ ನೂರಕ್ಕೆ ಹತ್ತು ಪಾಲು ಹಳೆ ಚೂರು ಬೆರೆಸಿದರೆ ಉರುವಲು ಶೇ. 2.5ರಿಂದ 3ರಷ್ಟು ಉಳಿಯುತ್ತದೆ. ಬಿಳಿ, ಹಸಿರು, ಕಂದು ಗಾಜನ್ನು ಮನೆಯಲ್ಲೇ ಬೇರೆ ಬೇರೆ ಇಟ್ಟು, ಒಡೆಯದೆ, ತೊಳೆದು ಒಟ್ಟಿಗೆ ಕೊಟ್ಟರೆ ಗುಜರಿಯವರಿಗೂ ಅದು ಒಯ್ಯಲು ಯೋಗ್ಯವಾದ ಮಾಲಾಗುತ್ತದೆ.

ಆದರೆ ಮನೆಗೆ ಬಂದ ಒಳ್ಳೆಯ ಬಾಟಲಿಯನ್ನು ಕೊಡುವ ಅಗತ್ಯವೇನು? ರಂಜಾನಿನಲ್ಲಿ ಖಾಲಿಯಾದ ರೂಹ್ ಅಫ್ಜಾದ ಗಾಜಿನ ಬಾಟಲಿ ಮುಂದಿನ ರಂಜಾನಿನವರೆಗೆ ಫ್ರಿಜ್ಜಿನಲ್ಲಿ ನೀರಿಗೆ, ಹಾರ್ಲಿಕ್ಸ್ ಬಾಟಲಿ ಸಕ್ಕರೆಗೆ, ಕಾಫಿಪುಡಿಗೆ ಎಂದು ನಮ್ಮ ತಾಯಂದಿರು ಮಾಡುತ್ತಿದ್ದುದು ಪರಿಸರದ ಪಾಠ ಕೇಳಿ ಅಲ್ಲ. ಈಗ ಆ ಶರಬತ್ತೂ ಪ್ಲಾಸ್ಟಿಕ್ ಬಾಟಲಿಯಲ್ಲೇ ಬರುತ್ತಿದೆ. ಹಾಗಾಗಿ ಕೈಯಲ್ಲಿರುವ ಗಾಜಿನ ಬಾಟಲಿಗೆ ಬೆಲೆ ಹೆಚ್ಚಿದೆ ಎಂದೇ ತಿಳಿಯಿರಿ.

ಉಪ್ಪಿನಕಾಯಿಗೆ ಬಳಸುವ ಮೊದಲು ಬಾಟಲಿಯನ್ನು ತಣ್ಣೀರು ತುಂಬಿದ ಪಾತ್ರೆಯಲ್ಲಿಟ್ಟು, ನೀರಿನೊಂದಿಗೇ ನಿಧಾನ ಕಾಯಿಸಿ ಹತ್ತು ನಿಮಿಷ ಕುದಿಸಿ. ಕುದಿಯುವ ನೀರಿಗೆ ತಣ್ಣನೆಯ ಬಾಟಲಿ ಹಾಕಿದರೆ ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಿಗ್ಗದೆ ಸೀಳುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಗೆ ಬಿಸಿ ಹಾಲು ಸುರಿಯುವುದೂ ಬೇಡ. ಆಮೇಲೆ ಬಿಸಿಲಿನಲ್ಲಿ ಬೋರಲು ಹಾಕಿ, ಒಂದು ಹನಿಯೂ ಉಳಿಯದಂತೆ ಒಣಗಿಸಿ. ಬೂಷ್ಟು ಬರುವುದು ಆ ಒಂದು ಹನಿಯಿಂದಲೇ. ಉಪ್ಪು, ಹುಳಿ ಲೋಹದ ಮುಚ್ಚಳವನ್ನು ತಿನ್ನುವುದರಿಂದ ಉಪ್ಪಿನಕಾಯಿ ಮುಚ್ಚಳಕ್ಕೆ ತಾಗುವಷ್ಟು ತುಂಬಬೇಡಿ. ಫ್ರೀಜರಿನಲ್ಲಿಡುವುದಾದರೆ ಮೇಲೆ ಎರಡು ಬೆರಳಷ್ಟು ಜಾಗ ಬಿಡಿ, ನೀರು ಗಟ್ಟಿಯಾದಾಗ ಹಿಗ್ಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ತಿನ್ನುವ ಕುಡಿಯುವ ವಸ್ತು ಇದ್ದ ಬಾಟಲಿಗೆ ಸೀಮೆಎಣ್ಣೆ, ಫಿನಾಯಿಲ್, ಆ್ಯಸಿಡ್, ಹೊಲದ ಔಷಧಿ ತುಂಬಿಡಬೇಡಿ. ಮಗುವಿನ ಕಣ್ಣಿಗೆ ಅದು ಸೋಡಾ ಬಾಟಲಿ, ಶರಬತ್ತಿನ ಬಾಟಲಿ. ಮಕ್ಕಳು ಸೀಮೆಎಣ್ಣೆ ಕುಡಿದು ಆಸ್ಪತ್ರೆ ಸೇರಿದ ಎಷ್ಟೋ ಪ್ರಕರಣಗಳ ಹಿಂದೆ ಇದೇ ಕಾರಣ ಇದೆ. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗಬಾರದು, ಅದು ಶ್ವಾಸಕೋಶಕ್ಕೆ ಇಳಿದು ಅಪಾಯ ಹೆಚ್ಚುತ್ತದೆ. ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಹಾಗೆಯೇ ಔಷಧಿ, ಆ್ಯಸಿಡ್ ಇದ್ದ ಬಾಟಲಿಯನ್ನು ಎಷ್ಟು ತೊಳೆದರೂ ಅಡುಗೆಮನೆಗೆ ತರಬೇಡಿ.

ಮದುವೆ, ವಲೀಮಾಗಳ ಮಾತನ್ನೂ ಹೇಳಿಬಿಡುತ್ತೇನೆ. ಐನೂರು ಜನರ ಊಟಕ್ಕೆ ತಲಾ ಎರಡು ಪುಟ್ಟ ಬಾಟಲಿ ಎಂದರೂ ಒಂದು ಸಾವಿರ ಬಾಟಲಿ, ಅರ್ಧ ಕುಡಿದು ಬಿಟ್ಟ ನೀರು ಬೇರೆ. ಇದಕ್ಕೆ ಪರಿಹಾರ ಸಾವಿರ ಗಾಜಿನ ಬಾಟಲಿ ತರಿಸುವುದಲ್ಲ. ಶಾಮಿಯಾನದ ಅಂಗಡಿಯಲ್ಲಿ ಪಾತ್ರೆಗಳ ಜೊತೆಗೆ ಲೋಟ, ಜಗ್ಗು ಬಾಡಿಗೆಗೆ ಸಿಗುತ್ತವೆ. ತೊಳೆಯುವವರಿಗೆ ಕೊಡುವ ಕೂಲಿ ಬಾಟಲಿಯ ಖರ್ಚಿಗಿಂತ ಹೆಚ್ಚಾಗಲಾರದು, ಹೆಚ್ಚಾದರೂ ಊರಿನ ನಾಲ್ಕು ಜನರ ಕೈಗೆ ಹೋಗುತ್ತದೆ. ಊಟಿ, ವಯನಾಡಿನ ಪ್ರವಾಸಕ್ಕೂ ಅಷ್ಟೇ. ದೊಡ್ಡ ಸ್ಟೀಲ್ ಕ್ಯಾನಿನಲ್ಲಿ ಮನೆಯ ನೀರು, ಮಕ್ಕಳಿಗೆ ಒಂದೊಂದು ಸ್ಟೀಲ್ ಬಾಟಲಿ. ಓಡುವ ವಾಹನದಲ್ಲಿ ಮಕ್ಕಳ ಕೈಗೆ ಗಾಜು ಬೇಡವೇ ಬೇಡ.

ಕೊನೆಗೂ ಗಾಜು ಒಡೆಯುವ ವಸ್ತು. ಒಡೆದಾಗ ಅದನ್ನು ತರಕಾರಿ ಸಿಪ್ಪೆಯ ಜೊತೆ ಕವರಿಗೆ ತುರುಕಿ ಗಂಟು ಹಾಕಬೇಡಿ. ಚಾಮರಾಜನಗರದ ನಗರಸಭೆಯಾಗಲಿ ಗುಂಡ್ಲುಪೇಟೆಯ ಪುರಸಭೆಯಾಗಲಿ, ಬೆಳಗ್ಗೆ ಕಸ ಒಯ್ಯುವ ಪೌರಕಾರ್ಮಿಕರು ಅದನ್ನು ಕೈಯಿಂದಲೇ ವಿಂಗಡಿಸುತ್ತಾರೆ. ಚೂರುಗಳನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ಹಳೆಯ ರಟ್ಟಿನ ಡಬ್ಬಿಗೆ ಹಾಕಿ, ಮೇಲೆ 'ಗಾಜು' ಎಂದು ದೊಡ್ಡದಾಗಿ ಬರೆಯಿರಿ. ಗಾಡಿ ಬಂದಾಗ ಅದನ್ನು ಕಸದ ಬುಟ್ಟಿಗೆ ಹಾಕದೆ ಬೇರೆಯಾಗಿ ಕೊಟ್ಟು, ಒಳಗೆ ಗಾಜಿದೆ ಎಂದು ಬಾಯಿಂದಲೂ ಹೇಳಿ.