ಭಾವಚಿತ್ರವೂ ದೂರವೂ

ಮಂಗಳೂರಿನ ಫಳ್ನೀರ್ ರಸ್ತೆಯಲ್ಲಿ ತರುಣರು ಮೊಬೈಲನ್ನು ಕೈಯಳತೆಯಲ್ಲಿ ಹಿಡಿದು ತಮ್ಮ ಭಾವಚಿತ್ರವನ್ನು ತಾವೇ ತೆಗೆದುಕೊಳ್ಳುವುದನ್ನು ನಾವು ದಿನವೂ ಕಾಣುತ್ತೇವೆ. ಚಿತ್ರದಲ್ಲಿ ಮೂಗು ದಪ್ಪನಾಗಿ ಕಂಡಿತೆಂದು ತಮ್ಮ ರೂಪವನ್ನೇ ಹಳಿದುಕೊಳ್ಳುವವರುಂಟು. ಶಸ್ತ್ರಚಿಕಿತ್ಸೆಯನ್ನು ಬಯಸುವವರೂ ಉಂಟು. ಇದು ಸಲ್ಲದೆಂದು ನಮ್ಮ ಅಭಿಪ್ರಾಯ. ದೋಷವು ಮುಖದ್ದಲ್ಲ, ದೂರದ್ದು.

ವಸ್ತುವು ಹತ್ತಿರವಾದಷ್ಟೂ ಅದರ ಬಿಂಬವು ಹಿಗ್ಗುವುದಷ್ಟೆ. ಮೂಗಿನ ತುದಿಯು ಕಿವಿಗಿಂತ 12 ಸೆಂಟಿಮೀಟರು ಮುಂದಿದೆಯೆಂದು ಭಾವಿಸೋಣ. ಕ್ಯಾಮರಾವು ಮೂಗಿನಿಂದ 30 ಸೆಂಟಿಮೀಟರು ದೂರದಲ್ಲಿದ್ದರೆ, ಕಿವಿಗೆ ಹೋಲಿಸಿದಾಗ ಮೂಗು ನೂರಕ್ಕೆ 40ರಷ್ಟು ಹಿಗ್ಗಿ ಕಾಣುವುದು. 150 ಸೆಂಟಿಮೀಟರಿಗೆ ಸರಿದರೆ ಈ ಹೆಚ್ಚಳವು 8ಕ್ಕೆ ಇಳಿಯುವುದು.

ಆದುದರಿಂದ ವಿದ್ಯಾರ್ಥಿಗಳು ಗೆಳೆಯರ ಕೈಗೆ ಕ್ಯಾಮರಾವನ್ನಿತ್ತು, ಐದಡಿ ದೂರದಲ್ಲಿ ನಿಂತು ಚಿತ್ರ ತೆಗೆಯಿಸಿಕೊಳ್ಳಲಿ. ಎರಡು ಚಿತ್ರಗಳನ್ನೂ ಹೋಲಿಸಿದ ಮೇಲೆಯೇ ತಮ್ಮ ಮುಖದ ವಿಷಯದಲ್ಲಿ ತೀರ್ಪು ಕೊಡಲಿ.